ಚರಂಡಿ ಬೇಡಿಕೆ ಗ್ರಾಮಸಭೆಯ ನಡವಳಿ ಪುಸ್ತಕಕ್ಕೆ ಏರಬೇಕಾದರೆ

ಗ್ರಾಮಸಭೆಗೆ ಹೋಗುವ ಬೇಡಿಕೆ ಮೊದಲು ಬರುವುದು ನಿಮ್ಮ ವಾರ್ಡಿನ ಮತದಾರರ ಸಭೆಗೆ, ಅಂದರೆ ವಾರ್ಡ್ ಸಭೆಗೆ. ಕರ್ನಾಟಕದಲ್ಲಿ ಇದು 6 ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಮೊದಲೇ ಅರ್ಜಿ ಬರೆದಿಡಿ. ‘ನಮ್ಮ ಬೀದಿಗೆ ಚರಂಡಿ ಬೇಕು’ ಎಂದಷ್ಟೇ ಬರೆದರೆ ಸಾಲದು: ಯಾರ ಮನೆಯಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂಬುದೂ ಇರಲಿ. ಈ ಕೊನೆಯದನ್ನೇ ಹೆಚ್ಚಿನವರು ಮರೆಯುವುದು. ಹರಿದು ಹೋಗಲು ದಾರಿಯಿಲ್ಲದ ಚರಂಡಿ ಸೊಳ್ಳೆ ಗುಂಡಿಯಾಗುತ್ತದೆ. ಮಧ್ಯೆ ಖಾಸಗಿ ಜಾಗ ಬಂದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಇಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಅರ್ಜಿ 2 ಪ್ರತಿ ಮಾಡಿ, ನಿಮ್ಮ ಪ್ರತಿಗೆ ಪಂಚಾಯಿತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸಭೆಯಲ್ಲಿ ಬಾಯಿಮಾತಿನ ಭರವಸೆ ನಂಬಬೇಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಕಾರ್ಯದರ್ಶಿ ನಡವಳಿಯನ್ನು, ಅಂದರೆ ಸಭೆಯ ತೀರ್ಮಾನಗಳ ದಾಖಲೆಯನ್ನು, ಗಟ್ಟಿಯಾಗಿ ಓದಲಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಖಂಡಿತ ಬೇಡ. ಗ್ರಾಮಸಭೆಯಲ್ಲೂ ಹಾಜರಿದ್ದು, ಕ್ರಿಯಾ ಯೋಜನೆಯಲ್ಲಿ (ಪಂಚಾಯಿತಿ ಕೈಗೊಳ್ಳುವ ಕೆಲಸಗಳ ಪಟ್ಟಿ) ನಿಮ್ಮ ಕಾಮಗಾರಿಯ ಹೆಸರು ಇದೆಯೇ ನೋಡಿ.