ಸುಣ್ಣದ ಗಾರೆ: ಅರಳಿಸುವುದರಲ್ಲೇ ಇದೆ ಎಲ್ಲ

ನಮ್ಮ ಹಳೆ ಮನೆಯ ಜಗುಲಿ ಗೋಡೆ ನೆಲದಿಂದ ಮೂರಡಿಯವರೆಗೆ ತೇವ ಹಿಡಿದಿತ್ತು. ಗಾರೆಯವರು ಬಂದು, 'ಹಳೇದೆಲ್ಲ ಕೆತ್ತಿ ಸಿಮೆಂಟ್ ಬಳಿದ್ರೆ ಆಯ್ತು ಬಿಡಿ ಸಾರ್' ಎಂದರು. ಬಳಿದರು. ಒಂದೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿ, ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬಿತ್ತು. ತೇವ ಐದಡಿಗೆ ಏರಿತ್ತು. ಮಣ್ಣಿನ ಗೋಡೆ ನೆಲದ ನೀರನ್ನು ಹೀರುತ್ತದೆ, ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚುತ್ತದೆ. ಸುಣ್ಣ ಮುಚ್ಚುವುದಿಲ್ಲ.

'ಸುಣ್ಣ ಗಟ್ಟಿ ಇರಲ್ಲ' ಎನ್ನುವವರಿಗೆ ನಾನು ಕನ್ನಂಬಾಡಿ ಕಟ್ಟೆ ತೋರಿಸುತ್ತೇನೆ. 1911ರಲ್ಲಿ ಶುರುವಾದ ಆ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. ಹಳೆ ಮನೆಗೆ ಮಾತ್ರ ಅಂತಲೂ ಅಲ್ಲ. ಈಗ ಮಣ್ಣಿನ ಬ್ಲಾಕಿನಲ್ಲಿ ಹೊಸ ಮನೆ ಕಟ್ಟುತ್ತಾರಲ್ಲ, ಅದಕ್ಕೂ ಒಳಗಡೆ ಇದೇ ಒಪ್ಪುತ್ತದೆ.

ಮೊದಲು ಸುಟ್ಟ ಸುಣ್ಣ ತನ್ನಿ. ಗಟ್ಟಿ ಉಂಡೆಯಾಗಿರಬೇಕು, ಹಗುರಾಗಿರಬೇಕು, ಭಟ್ಟಿಯಿಂದ ಬಂದು ಜಾಸ್ತಿ ದಿನ ಆಗಿರಬಾರದು. ಗಾಳಿಗಿಟ್ಟ ಸುಣ್ಣ ತಾನೇ ಪುಡಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಕರಾವಳಿಯವರಿಗೆ ಚಿಪ್ಪಿನ ಸುಣ್ಣ ಸಿಕ್ಕರೆ ಅದೇ ಆಗಲಿ. ಗೋಡೆಗೆ ಬಳಿಯಲು ಮಾರುವ ಪ್ಯಾಕೆಟ್ ಪುಡಿ ಮಾತ್ರ ಬೇಡ. ಅಂಗಡಿಯಲ್ಲಿ ಎಷ್ಟು ದಿನ ಕೂತಿತ್ತೋ ಯಾರಿಗೆ ಗೊತ್ತು?

ಇನ್ನು ಅರಳಿಸುವುದು, ಅಂದರೆ ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಬಿರಿಯುವಂತೆ ಮಾಡುವುದು. ಹತ್ತಕ್ಕೆ ಒಂಬತ್ತು ಮಂದಿ ಕೆಡಿಸುವುದು ಇಲ್ಲೇ.

ನೆಲದಲ್ಲಿ ಗುಂಡಿ ತೋಡಿ ಇಟ್ಟಿಗೆ ಹಾಸಿ, ಇಲ್ಲವೇ ಕಬ್ಬಿಣದ ಡ್ರಮ್ ಇಡಿ. ಪ್ಲಾಸ್ಟಿಕ್ ಬಕೆಟ್ ಮುಟ್ಟಬೇಡಿ, ಶಾಖಕ್ಕೆ ಕರಗುತ್ತದೆ. ಮೊದಲು ನೀರು, ಆಮೇಲೆ ಸುಣ್ಣ. ಇದನ್ನು ತಿರುಗಿಸಿ, ಸುಣ್ಣದ ಮೇಲೆ ನೀರು ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ತುಂಬ ಹೊತ್ತು ನೀರು ಹೊಯ್ದು ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಒಂದೊಂದೇ ಉಂಡೆ ಬಿಡಿ. ಮೊದಲು ಗುಳುಗುಳು ಸದ್ದು, ಆಮೇಲೆ ಹಬೆ, ಆಮೇಲೆ ಉಂಡೆ ಬಿರಿದು ಮೊಸರಿನ ಹಾಗೆ ಹರಡುತ್ತದೆ. ಉದ್ದನೆಯ ಕೋಲಿನಿಂದ ಕಲಕುತ್ತಿರಿ, ತಳ ಹಿಡಿಯಲು ಬಿಡಬೇಡಿ. ಕುದಿ ನಿಂತ ಮೇಲೂ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಂತಿರಬೇಕು. ಗಟ್ಟಿಯಾಗಿ ಉಳಿದ ಹರಳನ್ನು ಸಣ್ಣ ಜರಡಿಯಲ್ಲಿ ಸೋಸಿ ಎಸೆಯಿರಿ. ಕುಟ್ಟಿ ಪುಡಿ ಮಾಡಿ ವಾಪಸ್ ಹಾಕುವ ಜಿಪುಣತನ ಬೇಡ.

ಆಮೇಲೆ ಮುಚ್ಚಿಟ್ಟು ಮರೆತುಬಿಡಿ. ಕಡಿಮೆಯೆಂದರೆ ಒಂದು ತಿಂಗಳು. ನಾನಂತೂ ಮೂರು ತಿಂಗಳು ಬಿಡುತ್ತೇನೆ. ನಾನು ಮೊದಲ ಸಲ ಮೂರೇ ದಿನಕ್ಕೆ ತೆಗೆದು ಬಳಿದೆ. ಅರಳದೇ ಉಳಿದ ಕಾಳುಗಳು ಗೋಡೆಯೊಳಗೆ ಕೂತು ನಿಧಾನವಾಗಿ ಅರಳಿದವು. ಎರಡು ತಿಂಗಳಲ್ಲಿ ಗೋಡೆ ತುಂಬ ಕಡಲೆಬೇಳೆಯಷ್ಟು ಗುಳಿ, ನಡುವೆ ಒಂದೊಂದು ಬಿಳಿ ಚುಕ್ಕಿ. ಸಿಡುಬು ಬಂದ ಮುಖ!

ಕಲಸುವುದು ಸುಲಭ. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ತೊಳೆದ ಮರಳು. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯನ್ನೇ ಪುಡಿ ಮಾಡಿಸಿ. ತೀರಾ ಬೆಂದು ಕರ್ರಗಾದದ್ದು ಸುಣ್ಣದ ಜೊತೆ ಕೂಡುವುದಿಲ್ಲ. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು, ಈಗ ಕೈಯಲ್ಲೇ ಚೆನ್ನಾಗಿ ಬಡಿದು ಕಲಸಬೇಕು. ಸರಿಯಾಗಿ ಬಡಿದರೆ ಅದೇ ಮೆದುವಾಗುತ್ತದೆ, ನೀರು ಕೇಳುವುದಿಲ್ಲ. ಕೂಲಿಯವರು ಸುಲಭಕ್ಕೆಂದು ನೀರು ಹುಯ್ಯುತ್ತಾರೆ, ಹತ್ತಿರ ನಿಂತು ತಡೆಯಿರಿ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿಯೂ ಉಂಟು. ಅಳಲೆಕಾಯಿಗೆ ನನ್ನ ಒಪ್ಪಿಗೆ ಇದೆ. ಬೆಲ್ಲವನ್ನು ಕೈಗೆ ಬಂದಷ್ಟು ಸುರಿದರೆ ಗಾರೆ ಬೇಗ ಆರದು, ಇರುವೆಗೂ ಹಬ್ಬ. 'ಬೇಗ ಸೆಟ್ ಆಗಲಿ' ಅಂತ ಒಂದು ಬೊಗಸೆ ಸಿಮೆಂಟ್ ಸೇರಿಸುವವರನ್ನು ಮಾತ್ರ ಮನೆಗೆ ಕಳಿಸಿಬಿಡಿ.

ಗೋಡೆಯ ಸಡಿಲ ಭಾಗವನ್ನೆಲ್ಲ ಕೆರೆದು, ಹಿಂದಿನ ದಿನವೇ ನೀರು ಚಿಮುಕಿಸಿ. ಒಂದು ಸಲಕ್ಕೆ ಅರ್ಧ ಅಂಗುಲಕ್ಕಿಂತ ದಪ್ಪ ಬಳಿಯಬೇಡಿ. ಮೊದಲ ಪದರ ಉಗುರಿಗೆ ಗಟ್ಟಿಯಾಗಿ ಸಿಕ್ಕ ಮೇಲೆ ಎರಡನೆಯದು. ಬಿರುಕು ಕಂಡರೆ ಹಸಿ ಇರುವಾಗಲೇ ಕರಣೆಯಿಂದ ಒತ್ತಿ ಮುಚ್ಚಿ.

ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಮತ್ತೆ ಸುಣ್ಣದ ಕಲ್ಲಾಗುವುದರಿಂದ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಡಿ, ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಏಪ್ರಿಲ್ ಬಿಸಿಲಲ್ಲೂ ಜುಲೈ ಮಳೆಯಲ್ಲೂ ಈ ಕೆಲಸ ಹಿಡಿಯಬೇಡಿ. ನವೆಂಬರ್‌ನಿಂದ ಜನವರಿ ಚೆನ್ನ.

ಬಣ್ಣಕ್ಕೂ ಇದೇ ಸುಣ್ಣವನ್ನು ನೀರಲ್ಲಿ ತೆಳ್ಳಗೆ ಕಲಸಿ ಬಳಿಯಿರಿ. ಇಷ್ಟೆಲ್ಲ ಮಾಡಿ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಸಿಮೆಂಟಿಗೂ ಇದಕ್ಕೂ ಏನು ವ್ಯತ್ಯಾಸ, ಅಲ್ವಾ? ಗುಂಡಿಯಲ್ಲಿ ಉಳಿದ ಸುಣ್ಣ ಎಸೆಯಬೇಡಿ. ಮೇಲೆ ನೀರು ನಿಲ್ಲಿಸಿ ಮುಚ್ಚಿಡಿ, ಮುಂದಿನ ವರ್ಷ ಹಿತ್ತಿಲ ಗೋಡೆಗೆ ಬೆಣ್ಣೆಯ ಹಾಗೆ ಸಿಗುತ್ತದೆ.