ಎದುರಿನ ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ

ಭತ್ತದ ಕೊಯ್ಲು ಶುರುವಾಗಿ ಗಂಗಾವತಿ–ಕಾರಟಗಿ ರಸ್ತೆಯಲ್ಲಿ ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಕಳೆದ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರಾಲಿಯೊಂದು ನನ್ನ ಕಾರಿನ ಎಡಬಾಗಿಲನ್ನು ಉದ್ದಕ್ಕೂ ಗೀರಿ, ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ವಿಚಾರಿಸಿದಾಗ ಟ್ರ್ಯಾಕ್ಟರಿನ ವಿಮೆ ಮುಗಿದು ವರ್ಷವಾಗಿತ್ತು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ನಷ್ಟವನ್ನು ತುಂಬಿಕೊಡುವ ವಿಮೆ, ಕಡ್ಡಾಯ. ತಪ್ಪಿದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ. ಆದರೆ ಆ ದಂಡದ ಹಣ ನಮ್ಮ ಕೈಗೆ ಬರುವುದಿಲ್ಲ. ವಿಮೆಯಿಲ್ಲದ ವಾಹನದಿಂದಾದ ನಷ್ಟವನ್ನು ಅದರ ಮಾಲೀಕರೇ ಸ್ವಂತ ಜೇಬಿನಿಂದ ಭರಿಸಬೇಕಾಗುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಮ್ಮ ಪರವಾಗಿ ಆದೇಶಿಸಿದರೂ ವಸೂಲಿಗೆ ಅಲೆದಾಟ ತಪ್ಪದು.

ಆದ್ದರಿಂದ ನಮ್ಮ ಕಾರಿಗೆ ಸ್ವಂತ ಹಾನಿಯನ್ನೂ ಒಳಗೊಂಡ ಪಾಲಿಸಿ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಎನ್ನುವುದು, ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಎದುರಿನವರಿಗೆ ವಿಮೆ ಇರಲಿ, ಬಿಡಲಿ, ರಿಪೇರಿಯ ಹಣವನ್ನು ನಮ್ಮ ಕಂಪನಿಯೇ ಕೊಟ್ಟು, ಬಳಿಕ ತಪ್ಪಿತಸ್ಥರಿಂದ ವಸೂಲು ಮಾಡಿಕೊಳ್ಳಬಹುದು. ಹಾನಿ ಸಣ್ಣದಾಗಿದ್ದರೆ ಮಾತ್ರ, ಕ್ಲೇಮ್ ಮಾಡಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಳ್ಳುವುದು ಲಾಭವೇ ಎಂದು ಮೊದಲು ಲೆಕ್ಕ ಹಾಕಿ.

ಸ್ಥಳದಲ್ಲೇ ಟ್ರ್ಯಾಕ್ಟರ್ ಮತ್ತು ಟ್ರಾಲಿ ಎರಡರ ನೋಂದಣಿ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ (ಟ್ರಾಲಿಯ ಫಲಕ ಎಷ್ಟೋ ಸಲ ಕೆಸರಿನಡಿ ಇರುತ್ತದೆ, ಒರೆಸಿ ನೋಡಿ). ಎಂಪರಿವಾಹನ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿಮೆಯ ಅವಧಿ ತಿಳಿಯುತ್ತದೆ. ಯಾರಿಗಾದರೂ ಗಾಯವಾಗಿದ್ದರೆ ಊರ ಹಿರಿಯರ ರಾಜಿಗೆ ಒಪ್ಪಿ ಸುಮ್ಮನಾಗದೆ, ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ.