ಎರಡು ಲೈನ್ ಇದ್ದರೂ ಅಂಗಡಿ ಕೆಲಸ ನಿಂತಾಗ

ಶಿರಸಿಯಲ್ಲಿ ನನ್ನದು ಪಹಣಿ ಪ್ರಿಂಟ್, ಆನ್‌ಲೈನ್ ಅರ್ಜಿಯ ಚಿಕ್ಕ ಅಂಗಡಿ. ಇಂಟರ್ನೆಟ್ ಹೋದರೆ ಹಳ್ಳಿಯವರು ಮತ್ತೊಂದು ದಿನ ಕೆಲಸ ಬಿಟ್ಟು ಬಸ್ ಹಿಡಿಯಬೇಕು. ಅದು ನನಗೆ ಸಹಿಸಲಾಗದ ಸಂಗತಿ. ಅದಕ್ಕೇ ಎರಡು ಕಂಪನಿಗಳ ಫೈಬರ್ ಹಾಕಿಸಿದ್ದೆ. ಆದರೂ ಮಳೆಗಾಲದಲ್ಲಿ ಮರದ ಕೊಂಬೆ ಮುರಿದು ಬಿದ್ದಾಗ ಎರಡೂ ಒಟ್ಟಿಗೆ ಹೋದವು. ಕೊಡೆ ಹಿಡಿದು ನೋಡಿದರೆ ಎರಡೂ ಕೇಬಲ್ ಒಂದೇ ಕಂಬದಲ್ಲಿ, ಒಂದಕ್ಕೊಂದು ಸುತ್ತಿಕೊಂಡು ಬಂದಿದ್ದವು.

ಒಂದು ಫೈಬರ್ ಬಿಡಿಸಿ, ಸಿಮ್ ಹಾಕುವ 4ಜಿ ರೂಟರ್ ತಂದೆ. ಉಳಿದ ಫೈಬರ್, ಈ ಸಿಮ್ ಎರಡನ್ನೂ ಡ್ಯುಯಲ್ ವ್ಯಾನ್ (ಎರಡು ಇಂಟರ್ನೆಟ್ ಲೈನ್ ಹಿಡಿಯುವ) ರೂಟರಿಗೆ ಜೋಡಿಸಿ, ಪರೀಕ್ಷೆಗೆಂದು ಮೋಡೆಮ್ಮಿನ ಹಿಂದಿನ ಫೈಬರ್ ತುದಿ ಕಿತ್ತೆ. ಮೋಡೆಮ್ಮಿನಲ್ಲಿ ಕೆಂಪು ದೀಪ ಮಿನುಗಿತು. ಇಂಟರ್ನೆಟ್ ಮಾತ್ರ ಸಿಮ್ಮಿಗೆ ಬದಲಾಗಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಮೋಡೆಮ್‌ನಿಂದ ರೂಟರಿಗೆ ಬರುವ ತಂತಿ ಜೀವಂತವಾಗಿತ್ತು, ಹಾಗಾಗಿ ರೂಟರ್ ಲೈನ್ ಸರಿಯಿದೆ ಎಂದೇ ತಿಳಿದಿತ್ತು. ಐದು ಸೆಕೆಂಡಿಗೊಮ್ಮೆ ಇಂಟರ್ನೆಟ್ಟಿನ ಸಾರ್ವಜನಿಕ ಸರ್ವರುಗಳಾದ 8.8.8.8 ಮತ್ತು 1.1.1.1ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಚಿಕ್ಕ ಸಂದೇಶ) ಕಳಿಸಿ, ಮೂರು ಸಲ ಎರಡರಿಂದಲೂ ಉತ್ತರ ಬಾರದಿದ್ದರೆ ಸಿಮ್ಮಿಗೆ ಹೋಗುವಂತೆ ಸೆಟ್ಟಿಂಗ್ ಬದಲಿಸಿದೆ. ಮೋಡೆಮ್, ರೂಟರುಗಳನ್ನು ಯುಪಿಎಸ್‌ಗೆ ಹಾಕಿದೆ. ಕರೆಂಟ್ ಹೋದರೆ ಎರಡು ಲೈನ್ ಇದ್ದೂ ವ್ಯರ್ಥ.

ಫೈಬರ್‌ನಿಂದ ಸಿಮ್ಮಿಗೆ ಬದಲಾಗುವ ಕ್ಷಣ, ಇಂಟರ್ನೆಟ್ಟಿನಲ್ಲಿ ನಮ್ಮ ಲೈನಿನ ಗುರುತಾದ ಐಪಿ ವಿಳಾಸವೂ ಬದಲಾಗುವುದರಿಂದ ಕೆಲವು ಜಾಲತಾಣಗಳಲ್ಲಿ ಮತ್ತೆ ಲಾಗಿನ್ ಆಗಬೇಕು. ಅರ್ಜಿ ತುಂಬುವಾಗ ಪುಟಪುಟಕ್ಕೂ ಸೇವ್ ಒತ್ತುತ್ತೇನೆ.